ಮಗಳೇ ಬೇಕು ಅನ್ನುವ ಹಕ್ಕಿ

ಮಾಸಲು ಕಂದು ಬಣ್ಣ, ಚೂಪು ಕೊಕ್ಕು, ತೂಕ ಸುಮಾರು 15 ಗ್ರಾಂ. ಸೀಶೆಲ್ಸ್ ವಾರ್ಬ್ಲರ್ ನೋಡಲು ತೀರಾ ಸಾಧಾರಣ ಹಕ್ಕಿ, ಹಾಡು ಮಾತ್ರ ಇಂಪು. 1960ರ ದಶಕದಲ್ಲಿ ಇಡೀ ಪ್ರಪಂಚದಲ್ಲಿ ಇವು ಉಳಿದಿದ್ದದ್ದು 30ಕ್ಕೂ ಕಡಿಮೆ, ಅದೂ ಹಿಂದೂ ಮಹಾಸಾಗರದ ಸೀಶೆಲ್ಸ್ ದೇಶದ ಕಸಿನ್ ಅನ್ನುವ ಒಂದೇ ದ್ವೀಪದಲ್ಲಿ. ದ್ವೀಪ ಅಂದರೆ ಎಷ್ಟು ದೊಡ್ಡದು? ಸುಮಾರು 29 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 70 ಎಕರೆ ಚಿಲ್ಲರೆ.

ಇವಕ್ಕೆ ಮುಳುವಾದದ್ದು ತೆಂಗು. ನಮಗದು ಕಲ್ಪವೃಕ್ಷ, ಸರಿ. ಆದರೆ ಈ ಹಕ್ಕಿಯ ಹೊಟ್ಟೆ ತುಂಬುವುದು ಅಗಲ ಎಲೆಗಳ ಅಡಿಯಲ್ಲಿರುವ ಹುಳಗಳಿಂದ, ಅಂಥ ಎಲೆ ಇದ್ದದ್ದು ತೋಟಕ್ಕಾಗಿ ಕಡಿದುಹಾಕಿದ ಪಿಸೋನಿಯಾದಂಥ ಕಾಡುಮರಗಳಲ್ಲಿ. 1968ರಲ್ಲಿ, ಈಗ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಎಂದು ಕರೆಸಿಕೊಳ್ಳುವ ಪಕ್ಷಿ ಸಂರಕ್ಷಣಾ ಸಂಸ್ಥೆ ದ್ವೀಪವನ್ನೇ ಕೊಂಡುಕೊಂಡಿತು. ತೆಂಗಿನ ಸಸಿಗಳನ್ನು ಕಿತ್ತರು, ಹಳೆಯ ಕಾಡು ಮತ್ತೆ ಬೆಳೆಯಲು ಬಿಟ್ಟರು. 1980ರ ದಶಕದ ಹೊತ್ತಿಗೆ ಹಕ್ಕಿಗಳು 300 ದಾಟಿ ದ್ವೀಪವೇ ಭರ್ತಿ!

ಜಾಗ ಇಲ್ಲದಿದ್ದರೆ ಬೆಳೆದ ಮಕ್ಕಳು ಎಲ್ಲಿಗೆ ಹೋಗಬೇಕು? ಅಪ್ಪ ಅಮ್ಮನ ಜೊತೆಗೇ ಉಳಿಯುತ್ತವೆ. ಜಾಸ್ತಿ ಹೆಣ್ಣುಗಳೇ. ಸುಮ್ನೆ ಕೂರುವುದೂ ಇಲ್ಲ, ತಮ್ಮ ತಂಗಿಯರಿಗೆ ಹುಳ ತಿನ್ನಿಸುತ್ತವೆ, ಮೊಟ್ಟೆಗೆ ಕಾವು ಕೊಡುತ್ತವೆ (ಗಂಡುಗಳು ಕಾವಿಗೆ ಕೂರುವುದೇ ಇಲ್ಲ), ಕೆಲವು ಅದೇ ಗೂಡಿನಲ್ಲಿ ತಾವೂ ಒಂದು ಮೊಟ್ಟೆ ಇಟ್ಟುಬಿಡುತ್ತವೆ. ಆದರೆ ಹುಳ ಕಡಿಮೆ ಇರುವ ಜಾಗದಲ್ಲಿ ಮನೆಯಲ್ಲೇ ಉಳಿದ ಮಗಳು ಇನ್ನೊಂದು ಹೊಟ್ಟೆ, ಅಷ್ಟೇ.

ತಾಯಿಗೆ ಇದು ಗೊತ್ತಿರುವಂತಿದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ, ಹಾಗಾಗಿ ಅದು ಗಂಡೋ ಹೆಣ್ಣೋ ಅನ್ನುವುದು ದೊಡ್ಡ ವಿಷಯ. ವಿಜ್ಞಾನಿ ಯಾನ್ ಕೊಮ್ಡೂರ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಬಡ ಜಾಗದ ಜೋಡಿಗಳ ಮರಿಗಳಲ್ಲಿ ಶೇ. 77 ಗಂಡು, ಹುಳ ಸಮೃದ್ಧವಾಗಿರುವ ಕಡೆ ಗಂಡು ಬರೀ ಶೇ. 13. ಬಡ ಜಾಗದ ಜೋಡಿಗಳನ್ನು ಒಳ್ಳೆಯ ಜಾಗಕ್ಕೆ ಸಾಗಿಸಿದರೆ ಅದೇ ತಾಯಂದಿರು ಹೆಣ್ಣುಮರಿ ಮಾಡತೊಡಗಿದವು. ಹಕ್ಕಿಗಳಲ್ಲಿ ಮರಿಯ ಲಿಂಗ ತೀರ್ಮಾನವಾಗುವುದು ತಾಯಿಯ ಅಂಡದಿಂದ. ನಮ್ಮಲ್ಲಿ ತಂದೆಯ ಕಡೆಯಿಂದ, ಬೈಗುಳ ಮಾತ್ರ ಸೊಸೆಗೆ, ಅಲ್ವಾ?

ಇಷ್ಟೆಲ್ಲ ಗೊತ್ತಾಗಲು ಕಾರಣ, ಒಂದೊಂದನ್ನೂ ಗುರುತಿಸಲು ಹಕ್ಕಿಗಳ ಕಾಲಿಗೆ ತೊಡಿಸಿದ ಬಣ್ಣದ ಉಂಗುರಗಳು, ಮತ್ತು ಇವು ದ್ವೀಪ ಬಿಟ್ಟು ಹೋಗದಿರುವುದು. ಚಳಿಗಾಲದಲ್ಲಿ ನಮ್ಮ ಬೇಲಿಗಳಲ್ಲಿ 'ಚಕ್ ಚಕ್' ಅನ್ನುವ ಬ್ಲೈತ್ಸ್ ರೀಡ್ ವಾರ್ಬ್ಲರ್ ಇದರ ನೆಂಟ, ಅದು ಸಾವಿರಾರು ಕಿಲೋಮೀಟರ್ ಹಾರಿ ಬರುತ್ತದೆ. ಇದೋ, ಎದುರಿಗೇ ಕಾಣುವ ಕಸೀನ್ ಎಂಬ ಇನ್ನೊಂದು ದ್ವೀಪಕ್ಕೂ ಹೋಗದು. ನಡುವೆ ಇರುವ ಸಮುದ್ರ ಎರಡು ಕಿಲೋಮೀಟರೂ ಇಲ್ಲ. ಕೊನೆಗೆ 1990ರಲ್ಲಿ ಮನುಷ್ಯರೇ 29 ಹಕ್ಕಿಗಳನ್ನು ಹಿಡಿದು ಅಲ್ಲಿಗೆ ಒಯ್ದು ಬಿಟ್ಟರು.