ಮಾರಾಟಕ್ಕಿಡದ ಹಾಯಿದೋಣಿಯನ್ನು ಕೇಳುವುದು ಹೇಗೆ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಯಾವ ಮರೀನಾಕ್ಕೆ (ದೋಣಿಗಳ ತಂಗುದಾಣಕ್ಕೆ) ಹೋದರೂ, ಅಲಮೀಡಾ ಇರಲಿ ಬರ್ಕ್ಲಿ ಇರಲಿ, ಕಟ್ಟಿದ ಹಗ್ಗ ವರ್ಷಗಟ್ಟಲೆ ಬಿಚ್ಚದ ಹಾಯಿದೋಣಿಗಳು ಕಾಣುತ್ತವೆ. ಅವುಗಳ ಮೇಲೆ ‘ಫಾರ್ ಸೇಲ್’ ಬೋರ್ಡ್ ಇರುವುದಿಲ್ಲ. ಆದರೂ ಸರಿಯಾಗಿ ಕೇಳುವವರು ಸಿಕ್ಕರೆ ಎಷ್ಟೋ ಮಾಲೀಕರು ಕೊಟ್ಟುಬಿಡುತ್ತಾರೆ. ಹಳೇ ದೋಣಿಗಳನ್ನು ಖರೀದಿಗೆ ಮುಂಚೆ ತಪಾಸಣೆ ಮಾಡುವ ಸರ್ವೇಯರ್ ಕೆಲಸ ನನ್ನದು. ಹೊಸದಾಗಿ ಹಾಯಿ ಕಲಿತ ನಮ್ಮ ಕನ್ನಡದ ಐಟಿ ಹುಡುಗರು ಕೇಳುತ್ತಿರುತ್ತಾರೆ: “ಸರ್, ಆ ದೋಣಿ ಸುಮ್ನೆ ನಿಂತಿದೆ ಅಲ್ವಾ, ಕೇಳಬಹುದಾ?” ಧಾರಾಳವಾಗಿ ಕೇಳಬಹುದು. ಆದರೆ “ಮಾರ್ತೀರಾ, ಎಷ್ಟು?” ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು.

ಮೊದಲು ದೋಣಿ ಕಟ್ಟುವ ಕಟ್ಟೆ, ಅಂದರೆ ಡಾಕ್ ಮೇಲೆ ನಿಂತೇ ಕಣ್ಣಾಡಿಸಿ. ಕಟ್ಟಿದ ಹಗ್ಗಕ್ಕೆ ಹಸಿರು ಪಾಚಿ ಹಿಡಿದಿದೆಯಾ? ಸುತ್ತಿಟ್ಟ ಮುಂದಿನ ಹಾಯಿಯ ಅಂಚಿನ ಬಟ್ಟೆ ಬಿಸಿಲಿಗೆ ಹರಿದು ಜೋತಾಡುತ್ತಿದೆಯಾ? ನೀರಿನ ಮಟ್ಟದಲ್ಲಿ ಗಡ್ಡದ ಹಾಗೆ ಕಡಲಪಾಚಿ ಬೆಳೆದಿದೆಯಾ? ಮೂತಿಯ ಹತ್ತಿರ ‘ಸಿಎಫ್’ ಅಂತ ಶುರುವಾಗುವ ನೋಂದಣಿ ನಂಬರಿನ ಪಕ್ಕದ ಸ್ಟಿಕ್ಕರ್ ಕೂಡ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ದೋಣಿಯ ನೋಂದಣಿ ಬೆಸ ಸಂಖ್ಯೆಯ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಎರಡು ಸಲ ನವೀಕರಣ ತಪ್ಪಿದ ದೋಣಿಯ ಮಾಲೀಕನ ಮನಸ್ಸು ಆಗಲೇ ಅರ್ಧ ದೂರವಾಗಿದೆ ಅಂತ ನನ್ನ ಲೆಕ್ಕ. ಆದರೆ ಹತ್ತಿ ನೋಡೋಣ ಅಂತ ಕಾಲಿಡಬೇಡಿ. ಕೇಳದೆ ಇನ್ನೊಬ್ಬರ ದೋಣಿ ಹತ್ತುವುದು ಅವರ ಮನೆಗೆ ನುಗ್ಗಿದ ಹಾಗೆ.

ಮಾಲೀಕ ಯಾರು ಅಂತ ಮರೀನಾ ಆಫೀಸಿನವರು ಹೇಳುವುದಿಲ್ಲ, ಹೇಳಲೂಬಾರದು. ಒಂದು ಪತ್ರ ಕೊಟ್ಟು “ಇದನ್ನು ಅವರಿಗೆ ತಲುಪಿಸ್ತೀರಾ?” ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವರಿಗಿಂತ ಜಾಸ್ತಿ ಗೊತ್ತಿರುವುದು ನೀರಿಗಿಳಿದು ದೋಣಿಗಳ ತಳ ಉಜ್ಜುವ ಡೈವರ್‌ಗೆ. ಯಾರು ದುಡ್ಡು ಕೊಡುವುದು ನಿಲ್ಲಿಸಿದರು, ಯಾರಿಗೆ ಮಂಡಿನೋವು, ಯಾರು ಬೇರೆ ರಾಜ್ಯಕ್ಕೆ ಹೋದರು, ಎಲ್ಲ ಅವನಿಗೆ ಗೊತ್ತು. ನಂಬರ್ ಕೇಳಿ ಅವನನ್ನು ಪೇಚಿಗೆ ಸಿಕ್ಕಿಸಬೇಡಿ. ನಿಮ್ಮ ನಂಬರ್ ಕೊಟ್ಟು ಬನ್ನಿ.

ಯಾರೂ ಸಿಗದಿದ್ದರೆ ಚೀಟಿ. ಕೈಬರಹದಲ್ಲಿ ಬರೆದು, ಜಿಪ್ ಲಾಕ್ ಕವರಿನಲ್ಲಿ ಹಾಕಿ, ಡಾಕ್ ಮೇಲಿಂದ ಕೈಗೆಟುಕುವ, ದೋಣಿಯ ಅಂಚಿನ ತಂತಿಗೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಕ್ಯಾಟಲೀನಾ 30 ಅನ್ನುವ ಮಾದರಿಯ ದೋಣಿಯಾದರೆ ನಾನು ಹೇಳಿಕೊಡುವ ಒಕ್ಕಣೆ ಹೀಗಿರುತ್ತದೆ: “ನಿಮ್ಮ ಕ್ಯಾಟಲೀನಾ 30 ನೋಡಿದೆ. ಇಂಥದ್ದೇ ದೋಣಿಯಲ್ಲಿ ಹಾಯಿ ಕಲಿತೆ. ಇದು ಯಾವ ವರ್ಷದ್ದು, ಕೊಲ್ಲಿಯ ಮಧ್ಯಾಹ್ನದ ಗಾಳಿಗೆ ಹೇಗೆ ಓಡುತ್ತದೆ ಅಂತ ತಿಳಿಯುವ ಆಸೆ. ಮುಂದೆ ಯಾವಾಗಲಾದರೂ ಕೊಡುವ ಯೋಚನೆ ಬಂದರೆ ದಯವಿಟ್ಟು ನನಗೆ ಮೊದಲು ಹೇಳಿ.” ಕೆಳಗೆ ಹೆಸರು, ಫೋನ್ ನಂಬರ್. ಬೆಲೆಯ ಮಾತಿಲ್ಲ. ಪಾಚಿಯ ಮಾತಂತೂ ಬೇಡವೇ ಬೇಡ.

ಇದಕ್ಕೆ ಕಾರಣ ಇದೆ. ಈ ಮಾಲೀಕರಲ್ಲಿ ಹೆಚ್ಚಿನವರು ವಯಸ್ಸಾದವರು. ಮಕ್ಕಳಿಗೆ ಆಸಕ್ತಿ ಇಲ್ಲ. “ಮುಂದಿನ ಬೇಸಿಗೆಗೆ ರಿಪೇರಿ ಮಾಡಿಸ್ತೀನಿ” ಅಂತ ತಮಗೆ ತಾವೇ ಹೇಳಿಕೊಂಡಿರುತ್ತಾರೆ. ಜಾಹೀರಾತು ಹಾಕಿದರೆ ಆ ಮಾತು ಸುಳ್ಳು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ದೋಣಿ ನಿಲ್ಲಿಸಿದ ಜಾಗಕ್ಕೆ ತಿಂಗಳಿಗೆ ನೂರಾರು ಡಾಲರ್ ಬಾಡಿಗೆ ಕಟ್ಟುತ್ತಾ ಸುಮ್ಮನಿರುತ್ತಾರೆ. ಅವರು ಫೋನ್ ಮಾಡಿದರೆ ಮೊದಲ ಅರ್ಧ ಗಂಟೆ ಅವರದು. ಎಲ್ಲೆಲ್ಲಿಗೆ ಹೋಗಿದ್ದರು ಕೇಳಿ. ಕೊಳ್ಳುವವರು ಎಡವುವುದು ಇಲ್ಲೇ. ದೋಷ ಎತ್ತಿ ಆಡಿದರೆ ಬೆಲೆ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಆಚೆ ಫೋನ್ ಇಟ್ಟುಬಿಡುತ್ತಾರೆ, ಅಷ್ಟೇ.

ದೋಷಗಳನ್ನು ಸರ್ವೇ ವರದಿ ಹೇಳಲಿ. ಕ್ಯಾಟಲೀನಾ 30 ಆರು ಸಾವಿರಕ್ಕೂ ಮೀರಿ ತಯಾರಾದ ಮಾದರಿ. ಅದರ ರೋಗಗಳೂ ಎಲ್ಲರಿಗೂ ಗೊತ್ತಿರುವಂಥವೇ. ತಳದಲ್ಲಿರುವ ಭಾರವಾದ ಕೀಲ್ ದೋಣಿಗೆ ಕೂಡುವಲ್ಲಿ ಬರುವ ಬಿರುಕಿಗೆ ‘ಕ್ಯಾಟಲೀನಾ ಸ್ಮೈಲ್’ ಅಂತಲೇ ಹೆಸರು. ಹಳೆಯವುಗಳಲ್ಲಿ ಆಟಾಮಿಕ್ 4 ಪೆಟ್ರೋಲ್ ಎಂಜಿನ್ ಇರಬಹುದು. ಅಲ್ಲಿ ಸೋರಿದ ಪೆಟ್ರೋಲ್ ಆವಿಯ ಬಗ್ಗೆ ಎಚ್ಚರ ಬೇಕು. ಬೆಲೆ ಹೇಳುವಾಗ “ಸರ್ವೇ ಆದಮೇಲೆ ಅಂತಿಮ” ಅಂತ ಸೇರಿಸಿದರೆ ಸಾಕು. ವರದಿಯನ್ನು ಮುಂದಿಟ್ಟು ಮಾತಾಡಿದರೆ ಯಾರಿಗೂ ಅವಮಾನ ಅನಿಸುವುದಿಲ್ಲ.

ಕೇಳುವುದಕ್ಕೆ ಒಳ್ಳೇ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್. ಬೇಸಿಗೆಯ ಗಾಳಿ ಮುಗಿದಿರುತ್ತದೆ. ಜನವರಿ 1ಕ್ಕೆ ದೋಣಿ ಯಾರ ಹೆಸರಿನಲ್ಲಿದೆಯೋ ಆ ವರ್ಷದ ಕೌಂಟಿ (ಜಿಲ್ಲಾಡಳಿತದ) ತೆರಿಗೆ ಅವರ ತಲೆಗೆ. ಆ ಲೆಕ್ಕ ಅವರಿಗೂ ಗೊತ್ತು.

ಮಾತು ಕುದುರಿದರೆ ಕಾಗದಪತ್ರ ನೋಡಿ. ಮೂತಿಯಲ್ಲಿ ಸಿಎಫ್ ನಂಬರ್ ಇಲ್ಲದೆ, ಹಿಂಬದಿಯಲ್ಲಿ ಹೆಸರು ಮತ್ತು ಊರು ಇದ್ದರೆ ಕೋಸ್ಟ್ ಗಾರ್ಡ್‌ನಲ್ಲಿ ದಾಖಲಾದ ದೋಣಿ ಇರಬಹುದು. ಆಗ ‘ಆಬ್‌ಸ್ಟ್ರ್ಯಾಕ್ಟ್ ಆಫ್ ಟೈಟಲ್’, ಅಂದರೆ ದೋಣಿಯ ಒಡೆತನದ ದಾಖಲೆ ತರಿಸಿ. ದಾಖಲಾದ ಸಾಲ ಅದರಲ್ಲಿ ಕಾಣುತ್ತದೆ. ಬಾಕಿ ಬಾಡಿಗೆ ಅದರಲ್ಲಿ ಇರಲೇಬೇಕು ಅಂತಿಲ್ಲ, ಮರೀನಾದಲ್ಲೇ ಕೇಳಿ. ಇವೆರಡೂ ದೋಣಿಯ ಜೊತೆಗೇ ನಿಮ್ಮ ಬೆನ್ನು ಹತ್ತಬಹುದು. ಮಾಲೀಕರು ತೀರಿಹೋಗಿದ್ದು, ಮಗಳೋ ಹೆಂಡತಿಯೋ ಮಾತಾಡುತ್ತಿದ್ದರೆ, ಅವರಿಗೆ ಸಹಿ ಹಾಕುವ ಹಕ್ಕು ಇದೆಯಾ ಅಂತ ಮೆತ್ತಗೆ ಕೇಳಿಕೊಳ್ಳಿ.

ಇನ್ನು ದೋಣಿ ಕೊಂಡ ಮಾತ್ರಕ್ಕೆ ಅದು ನಿಂತ ಜಾಗ ನಿಮ್ಮದಾಗುವುದಿಲ್ಲ. ಮುಂಗಡ ಕೊಡುವ ಮುಂಚೆಯೇ ಆಫೀಸಿಗೆ ಹೋಗಿ ವೇಟಿಂಗ್ ಲಿಸ್ಟ್ ಎಷ್ಟುದ್ದ ಇದೆ ಕೇಳಿ. ದೋಣಿಯಲ್ಲೇ ವಾಸ ಮಾಡುವ ಕನಸಿದ್ದರೆ ಅದನ್ನೂ ಆಗಲೇ ಹೇಳಿ. ಈ ಕೊಲ್ಲಿಯ ಮರೀನಾಗಳಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಜಾಗಗಳಲ್ಲಿ ಮಾತ್ರ ಅದಕ್ಕೆ ಅವಕಾಶ.