ಕೈಯ ಗುರುತು ಉಳಿಸಿಕೊಂಡ ಅಕ್ಷರಗಳು

ಕೈಯಲ್ಲಿ ಬಿಡಿಸಿದಂತೆ ಕಾಣುವ ಫಾಂಟೊಂದರಲ್ಲಿ ‘ಕನಕ’ ಎಂದು ದೊಡ್ಡದಾಗಿ ಟೈಪ್ ಮಾಡಿ, ಎರಡೂ ‘ಕ’ಗಳನ್ನು ಹೋಲಿಸಿ ನೋಡಿ. ಮೊದಲನೆಯದರ ತಲೆಕಟ್ಟು ಬಲಕ್ಕೆ ಎಷ್ಟು ಏರಿದೆಯೋ ಎರಡನೆಯದರದೂ ಅಷ್ಟೇ ಏರಿದೆ. ಕುಂಚದ ಬಣ್ಣ ಒಣಗಿ ಮೂಡಿದ ಬಿಳಿ ಗೀರು ಎರಡರಲ್ಲೂ ಅದೇ ಜಾಗದಲ್ಲಿದೆ. ಇದು ಕೈಬರಹವೆಂಬ ನಂಬಿಕೆ ಅಲ್ಲಿಗೇ ಹೋಗುತ್ತದೆ, ಏಕೆಂದರೆ ಒಂದೇ ಸೊಟ್ಟನ್ನು ಎರಡು ಸಲ ಕರಾರುವಾಕ್ಕಾಗಿ ಬರೆಯುವುದು ಯಾರ ಕೈಗೂ ಆಗದ ಕೆಲಸ. ಇಂಥ ಫಾಂಟ್‌ನ ಗುಣವನ್ನು ನಾನು ಅಳೆಯುವುದೇ ಇದರಿಂದ; ಸೊಗಸಿನ ಮಾತು ಆಮೇಲೆ.

ತೊಡಕು ಹಳೆಯದು. 15ನೆಯ ಶತಮಾನದ ನಡುವಿನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚುಹಾಕಲು ಹೊರಟಾಗ ಅವನ ಮುಂದಿದ್ದ ಮಾದರಿ ಲಿಪಿಕಾರರ ಹಸ್ತಪ್ರತಿ. ಅದಕ್ಕಾಗಿ ಆತ ಸುಮಾರು 290 ಬಗೆಯ ಅಚ್ಚುಮೊಳೆಗಳನ್ನು ಎರಕ ಹೊಯ್ದ. ಒಂದೇ ಅಕ್ಷರದ ಅಗಲ ರೂಪ, ಕಿರಿದಾದ ರೂಪ, ಕೂಡಿಕೊಂಡ ಜೋಡಿಗಳು, ಸಂಕ್ಷೇಪ ಚಿಹ್ನೆಗಳು ಎಲ್ಲವೂ ಅದರಲ್ಲಿದ್ದವು. ಸಾಲಿನ ಅಂಚು ಸಮವಾಗಿ ನಿಲ್ಲಲು ಇವು ಬೇಕಿದ್ದವು. ಪುಟಕ್ಕೆ ಕೈಬರಹದ ಚಹರೆ ಬಂದದ್ದೂ ಇವುಗಳಿಂದಲೇ.

ಇಂಥ ಅಕ್ಷರಗಳಲ್ಲಿ 1953ರಲ್ಲಿ ಹೊರಬಂದ ‘ಮಿಸ್ಟ್ರಲ್’ ಎಂಬ ಫಾಂಟ್ ನನಗೆ ಅತ್ಯಂತ ಪ್ರಿಯವಾದದ್ದು. ಫ್ರಾನ್ಸಿನ ರೋಜೆ ಎಕ್ಸ್‌ಕೋಫೋನ್ ತನ್ನ ಕೈಬರಹವನ್ನೇ ಆಧರಿಸಿ ಅದನ್ನು ರೂಪಿಸಿದ. ಬಿಡಿಬಿಡಿಯಾದ ಲೋಹದ ಮೊಳೆಗಳನ್ನು ಜೋಡಿಸಿದಾಗ, ಪಕ್ಕಕ್ಕೆ ಯಾವ ಅಕ್ಷರ ಬಂದರೂ ಗೆರೆ ಮುರಿಯದೆ ಮುಂದುವರಿಯಬೇಕು. ಆ ಕಟ್ಟುಪಾಡಿನೊಳಗೂ ಸಾಲು ಅವಸರದಲ್ಲಿ ಬರೆದಂತೆ ಏರಿಳಿಯುತ್ತ ಓಡುತ್ತದೆ.

ಕಂಪ್ಯೂಟರ್ ಬಂದ ಮೇಲೆ ಮೊಳೆಯ ಹಂಗು ತಪ್ಪಿತು. 1990ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿನ್ಯಾಸಕರು ಹೊರತಂದ ‘ಬೇವುಲ್ಫ್’ ಫಾಂಟ್‌ನಲ್ಲಿ ಮುದ್ರಿಸಿದಾಗಲೆಲ್ಲ ಅಕ್ಷರದ ಅಂಚುಗಳು ತಾವಾಗಿ ಅತ್ತಿತ್ತ ಸರಿಯುತ್ತಿದ್ದವು. ಮೈಕ್ರೋಸಾಫ್ಟ್ ಮತ್ತು ಅಡೋಬಿ 1996ರಲ್ಲಿ ಪ್ರಕಟಿಸಿದ ಓಪನ್‌ಟೈಪ್ ಎಂಬ ಫಾಂಟ್ ಕಡತದ ಮಾದರಿ ಇನ್ನೂ ಉಪಯುಕ್ತವಾದ ದಾರಿ ತೋರಿಸಿತು. ಅದೇ ಅಕ್ಷರ ಹತ್ತಿರದಲ್ಲೇ ಮತ್ತೆ ಬಂದರೆ ಅದರ ಇನ್ನೊಂದು ರೂಪವನ್ನು ಇಡು ಎಂಬ ನಿಯಮವನ್ನು ಫಾಂಟ್‌ನೊಳಗೇ ಬರೆದಿಡಬಹುದು. ಮೂರು ರೂಪಗಳು ಸರದಿಯಂತೆ ಬಂದರೂ ಸಾಕು, ಕಣ್ಣು ಪುನರಾವರ್ತನೆಯನ್ನು ಸುಲಭವಾಗಿ ಹಿಡಿಯದು. ಕನ್ನಡದಲ್ಲಿ ಈ ದುಡಿಮೆ ಹಲವು ಪಟ್ಟು ಹೆಚ್ಚು: ಪ್ರತಿ ವ್ಯಂಜನಕ್ಕೂ ಕಾಗುಣಿತವಿದೆ, ಒತ್ತಕ್ಷರವಿದೆ, ಪರ್ಯಾಯ ರೂಪಗಳು ಅವೆಲ್ಲಕ್ಕೂ ಬೇಕು. ಅದನ್ನು ತಾಳ್ಮೆಯಿಂದ ಮಾಡುವವರ ಬಗ್ಗೆ ನನಗೆ ಅಪಾರ ಗೌರವ.

ಇಂಥ ಫಾಂಟ್‌ಗಳ ಬಳಕೆಯ ಜಾಗ ಶೀರ್ಷಿಕೆ, ಭಿತ್ತಿಪತ್ರ, ಮುಖಪುಟ. ಓದುವಾಗ ಕಣ್ಣು ಒಂದೊಂದು ನಿಲುಗಡೆಯಲ್ಲಿ ಸುಮಾರು ಕಾಲು ಸೆಕೆಂಡು ಮಾತ್ರ ತಂಗಿ ಮುಂದಕ್ಕೆ ಜಿಗಿಯುತ್ತದೆ. ದೀರ್ಘ ಬರಹದಲ್ಲಿ ಅಕ್ಷರದ ಆಕಾರ ಪದೇಪದೇ ಗಮನ ಸೆಳೆದರೆ ಓಟ ಕೆಡುತ್ತದೆ. ಗಾತ್ರ ಕುಗ್ಗಿದಾಗ ಕುಂಚದ ಒರಟು ಅಂಚು ಪಿಕ್ಸೆಲ್‌ಗಿಂತ ಚಿಕ್ಕದಾಗಿ ಬರಿಯ ಮಸುಕಾಗುತ್ತದೆ, ಅಕ್ಷರದ ಒಳಗಿನ ಬಿಳಿ ಜಾಗ ತುಂಬಿಹೋಗುತ್ತದೆ. ವಿನ್ಸೆಂಟ್ ಕಾನೇರ್ 1994ರಲ್ಲಿ ‘ಕಾಮಿಕ್ ಸಾನ್ಸ್’ ಬಿಡಿಸಿದ್ದು ಕಾರ್ಟೂನ್ ನಾಯಿಯೊಂದರ ಮಾತಿನ ಗುಳ್ಳೆಗಾಗಿ. ನಾಲ್ಕಾರು ಪದಗಳ ಆ ತುಂಟ ಮಾತಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಅದೇ ಅಕ್ಷರದಲ್ಲಿ ಸಂತಾಪ ಸೂಚನೆ ಅಚ್ಚಾದರೆ ತಪ್ಪು ಆರಿಸಿದವರದು, ಅಕ್ಷರದ್ದಲ್ಲ.