ಘಟ್ಟ ಇಳಿಯುವ ಬೈಕು

18 ತುಂಬಿ, ಲೈಸನ್ಸ್ ಕೈಗೆ ಬಂದ ಹುಡುಗ ಬೈಕ್ ಬೇಕು ಅಂದಾಗ ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಎರಡೇ: ಎಷ್ಟು ಸಿಸಿ? ಎಷ್ಟು ಮೈಲೇಜ್? ಎರಡೂ ಎಂಜಿನ್ನಿನ ಲೆಕ್ಕ. ಕುಮಟಾ ದಾರಿಯ ದೇವಿಮನೆ ಘಟ್ಟ ಹತ್ತಲು ಎಂಜಿನ್ ಬೇಕು, ನಿಜ. ಆದರೆ ನೂರು ಸಿಸಿ ಗಾಡಿಯೂ ಇಬ್ಬರನ್ನು ಕೂರಿಸಿಕೊಂಡು ಉಸ್ಸಪ್ಪಾ ಅಂತ ಹತ್ತಿಬಿಡುತ್ತದೆ. ಹೊಸಬನಿಗೆ ಕಷ್ಟ ಇರುವುದು ಇಳಿಯುವಾಗ, ಅದರಲ್ಲೂ ಜೂನ್ ತಿಂಗಳಲ್ಲಿ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಕುಮಟಾ ಸಮುದ್ರದ ದಂಡೆಯಲ್ಲಿ. ಗಾಡಿ, ಸವಾರ ಸೇರಿ 180 ಕೆ.ಜಿ. ಅಂದುಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಕೆಳಗೆ ಬರುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಮೂರೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಈ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ವಾ? ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ. ಉಳಿದಿದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ನುಂಗಬೇಕು.

ಬ್ರೇಕ್ ಒಂದೇ ನುಂಗುತ್ತಾ ಬಂದರೆ ಕಾದುಹೋಗುತ್ತದೆ. ಡ್ರಮ್ ಬ್ರೇಕಾದರೆ ಡ್ರಮ್ ಬಿಸಿಯಾಗಿ ಹಿಗ್ಗುತ್ತದೆ, ಒಳಗಿನಿಂದ ಅದನ್ನು ಒತ್ತುವ ಶೂ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲಲ್ಲ. ಡಿಸ್ಕ್ ಬ್ರೇಕಿಗೆ ಬೇರೆ ತೊಂದರೆ. ಅದರ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಾಳಬೇಕೆಂಬುದು ನಿಯಮ. ನೀರು ಸೇರಿದ ಹಳೆಯದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಲಿವರ್ ಮೆತ್ತಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಆಯಿಲ್ ಬಿಟ್ಟೀತೇ? ಎರಡು ವರ್ಷಕ್ಕೊಮ್ಮೆ ಬದಲಾಯಿಸಿಬಿಡಿ.

ಹಾಗಾಗಿ ಇಳಿಜಾರಿನಲ್ಲಿ ಎರಡನೆಯದೋ ಮೂರನೆಯದೋ ಗೇರ್ ಹಾಕಿ, ಎಕ್ಸಲೇಟರ್ ಬಿಟ್ಟು, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಇಳಿಯಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ ಜಾರಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಉಳಿತಾಯವೂ ಸುಳ್ಳು. 2020ರ ಏಪ್ರಿಲ್‌ನಿಂದ ಹೊಗೆ ನಿಯಂತ್ರಣದ ಬಿಎಸ್ 6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಇರುವುದು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್. ಗೇರಿನಲ್ಲಿದ್ದು ಎಕ್ಸಲೇಟರ್ ಪೂರ್ತಿ ಬಿಟ್ಟರೆ ಅಂಥವು ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತವೆ; ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಗೇರ್ ಇಲ್ಲದ ಸ್ಕೂಟರಿಗೆ ಎಂಜಿನ್ ಹಿಡಿತ ಕಡಿಮೆ. ವೇಗ ತೀರಾ ತಗ್ಗಿದರೆ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಬ್ರೇಕೇ ಗತಿ. ಪೇಟೆ ಸುತ್ತಲು ಸ್ಕೂಟರ್ ಚಂದ. ದಿನಾ ಘಟ್ಟ ಇಳಿಯುವವನಿಗೆ ನಾನು ಹೇಳುವುದು ಗೇರ್ ಬೈಕೇ.

"ತಮಾ, ಮುಂದಿನ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡೀತದೆ" ಎಂದು ಕಲಿಸುವ ಹಿರಿಯರು ಇನ್ನೂ ಇದ್ದಾರೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಒಟ್ಟು ಭಾರದ ಮುಕ್ಕಾಲು ಭಾಗದಷ್ಟು ಮುಂದಿನ ಚಕ್ರಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಹಗುರಾದ ಹಿಂದಿನ ಚಕ್ರವನ್ನೇ ಒತ್ತಿ ಹಿಡಿದರೆ ಅದು ಲಾಕ್ ಆಗಿ ಅಡ್ಡ ಎಳೆಯುತ್ತದೆ. ಹಿರಿಯರ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ: ಗಾಬರಿಯಲ್ಲಿ ಗಬಕ್ಕನೆ ಹಿಡಿದರೆ ಮುಂದಿನ ಚಕ್ರವೂ ಲಾಕ್ ಆಗುತ್ತದೆ, ಆಗ ಬ್ಯಾಲೆನ್ಸ್ ಉಳಿಯುವುದಿಲ್ಲ. ಎಬಿಎಸ್ ಇರುವುದು ಇದಕ್ಕೇ. ಚಕ್ರ ನಿಲ್ಲುವ ಸೂಚನೆ ಸೆನ್ಸರಿಗೆ ಸಿಕ್ಕ ತಕ್ಷಣ ಒತ್ತಡ ಬಿಟ್ಟು, ಮತ್ತೆ ಹಿಡಿಯುತ್ತದೆ, ಕ್ಷಣದಲ್ಲಿ ಹಲವು ಸಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಇದು ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಸಾಕಿತ್ತು. ಅದು ಎರಡೂ ಬ್ರೇಕನ್ನು ಒಟ್ಟಿಗೆ ಎಳೆಯುತ್ತದೆ, ಲಾಕ್ ಆಗುವುದನ್ನು ತಪ್ಪಿಸುವುದಿಲ್ಲ. ದುಡ್ಡು ಹೊಂದಿಸಲಾದರೆ ಮೊದಲ ಬೈಕಿಗೇ ಎಬಿಎಸ್ ಇರಲಿ.

ತಿರುವಿನಲ್ಲಿ ಎಬಿಎಸ್ ಕೂಡ ಪೂರ್ತಿ ಕಾಪಾಡುವುದಿಲ್ಲ. 15 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವು ತಗೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗಲು ಗಾಡಿಯ ತೂಕದ ಐದನೇ ಒಂದರಷ್ಟು ಅಡ್ಡ ಹಿಡಿತ ಬೇಕು. 30ಕ್ಕೆ ಸುಮಾರು ಅರ್ಧ. 40ಕ್ಕೆ ಐದರಲ್ಲಿ ನಾಲ್ಕು ಭಾಗವನ್ನೂ ಮೀರುತ್ತದೆ. ಒದ್ದೆ ಡಾಂಬರಿನಲ್ಲಿ ಸಿಗುವುದೇ ಅರ್ಧದ ಆಚೀಚೆ. ಪಾಚಿ, ಕೆಮ್ಮಣ್ಣಿನ ಕೆಸರು, ಕೊಳೆತ ಎಲೆ, ಕರಾವಳಿಯ ಹೆದ್ದಾರಿ 66ರಲ್ಲಿ ಮೀನಿನ ಲಾರಿ ಸುರಿಸಿ ಹೋದ ನೀರು ಇದ್ದರೆ ಅದೂ ಇಲ್ಲ. ಬ್ರೇಕ್ ಹಿಡಿಯುವುದಿದ್ದರೆ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ.

ತೂಕ, ಎತ್ತರದ ವಿಷಯ ಶೋರೂಮಿನಲ್ಲೇ ಗೊತ್ತಾಗುತ್ತದೆ. ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಇಳಿಜಾರಿನ ಅಂಚಿನಲ್ಲಿ ನಿಲ್ಲಿಸಿದರೆ ಒಂದು ಕಡೆಯ ನೆಲ ಇನ್ನೂ ಕೆಳಗಿರುತ್ತದೆ. 112 ಕೆ.ಜಿ.ಯ ಸ್ಪ್ಲೆಂಡರ್ ವಾಲಿದರೆ ಹೊಸಬನೂ ತಡೆದಾನು. 195 ಕೆ.ಜಿ.ಯ ಕ್ಲಾಸಿಕ್ 350 ವಾಲಿದರೆ ಹೆಚ್ಚಿನವರು ಗಾಡಿ ಬಿಟ್ಟು ಪಕ್ಕಕ್ಕೆ ಹಾರಬೇಕಷ್ಟೇ. ಚಕ್ರ ದೊಡ್ಡದಿರಲಿ: 10 ಇಂಚಿನ ಸ್ಕೂಟರ್ ಚಕ್ರ ಇಳಿದು ಕೂರುವ ಹೊಂಡವನ್ನು 17, 18 ಇಂಚಿನದು ದಾಟಿಬಿಡುತ್ತದೆ. ಭಾರತೀಯ ಮಾನದಂಡವಾದ ಐಎಸ್ 4151ರ ಗುರುತಿನ ಹೆಲ್ಮೆಟ್ಟಿಗೂ ಅದೇ ದಿನ ದುಡ್ಡು ಎತ್ತಿಡಿ. ಪಟ್ಟಿ ಬಿಗಿಯದಿದ್ದರೆ ಅದು ಬರೀ ಟೊಪ್ಪಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿ ಕಾರವಾರ, ಅಂಕೋಲಾ ಕಡೆಯದಾದರೆ ಬಗ್ಗಿ ನೋಡಿ. ಉಪ್ಪುಗಾಳಿ ಕೇಬಲ್ಲಿನ ತುದಿ, ಸ್ಪೋಕ್, ಚಾಸಿಯ ಬೆಸುಗೆಗಳನ್ನು ಮೊದಲು ತಿನ್ನುತ್ತದೆ. ಟ್ಯಾಂಕ್ ಮಾತ್ರ ಪಾಲಿಶ್ ಹೊಡೆದು ಫಳಫಳ ಅನ್ನುತ್ತಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು ಎಂದರ್ಥ. ಟೈರಿನ ಗೀರು ಎಷ್ಟೇ ಆಳ ಕಂಡರೂ ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ. ಹೊಸ ಟೈರಿನ ದುಡ್ಡನ್ನು ವ್ಯಾಪಾರದಲ್ಲೇ ಮುರಿದುಕೊಳ್ಳಿ. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹೊತ್ತಬೇಕು, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಆರದಿದ್ದರೆ ಎಬಿಎಸ್ ಕೆಟ್ಟಿದೆ. ಹೊತ್ತುವುದೇ ಇಲ್ಲ ಅಂದರೆ, ಕೆಟ್ಟಿದ್ದು ಕಾಣಬಾರದು ಅಂತ ಯಾರೋ ದೀಪವನ್ನೇ ಕಿತ್ತಿರಬಹುದು.